ಐದು ಕಟ್ಟಡಗಳು ಮತ್ತು ಒಂದು ಮಧ್ಯಾಹ್ನದ ಊಟ: ಶಿಕಾಗೋದ ಹೋಟೆಲೊಂದರ ‘ನಡಿಗೆ-ಭೋಜನ’

ಕನ್ನಡದಲ್ಲಿ ಹೋಟೆಲು ಎಂದ ಕೂಡಲೇ ಮನಸ್ಸಿಗೆ ಬರುವುದು ಊಟ-ತಿಂಡಿಯೇ ಹೊರತು ತಂಗುವ ಕೋಣೆಯಲ್ಲ. ಶಿಕಾಗೋ ನಗರದ ನಡುಭಾಗವಾದ ಲೂಪ್ ಪ್ರದೇಶದಲ್ಲಿ ಹಳೆಯ ಹೋಟೆಲೊಂದು ನಮಗೆ ಮಾರಿದ್ದೂ ಆ ಅರ್ಥದ ಹೋಟೆಲನ್ನೇ. ನಾವು ಅಲ್ಲಿ ತಂಗಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮಾರ್ಗದರ್ಶಕರೊಂದಿಗೆ ನಗರದ ಐದು ಚಾರಿತ್ರಿಕ ಕಟ್ಟಡಗಳನ್ನು ನೋಡಿ, ಆಮೇಲೆ ಆ ಹೋಟೆಲಿನ ದೊಡ್ಡ ಭೋಜನಶಾಲೆಯಲ್ಲಿ ಊಟ ಮಾಡುವ ಒಂದೇ ಟಿಕೆಟನ್ನು ನಾನೂ ನನ್ನ ಅಕ್ಕನೂ ಕೊಂಡಿದ್ದೆವು. ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ತಕರಾರು ಒಂದು ಸಂಸ್ಥೆಯ ಮೇಲೆ ಇರುವುದಕ್ಕಿಂತ ಹೆಚ್ಚಾಗಿ ಊಟವನ್ನೂ ಕಟ್ಟಡ ದರ್ಶನವನ್ನೂ ಇವರು ಜೋಡಿಸಿದ ಬಗೆಯ ಮೇಲೆ ಇದೆ, ಮತ್ತು ಇಂಥ ಯೋಜನೆಯನ್ನು ಕೊಳ್ಳುವವರು ಯಾವ ಊರಿನಲ್ಲಾದರೂ ಇದೇ ತೊಡಕನ್ನು ಎದುರಿಸಬಹುದು.

ನಡಿಗೆಯ ವಿಷಯದಲ್ಲಿ ಮಾತ್ರ ನನಗೆ ಹೊಗಳಿಕೆಯನ್ನು ಬಿಟ್ಟು ಬೇರೆ ಮಾತಿಲ್ಲ. ಹನ್ನೆರಡು ಜನರ ಗುಂಪು. ಮುಂದೆ ಅರುವತ್ತು ದಾಟಿದ, ನಿವೃತ್ತ ಶಿಕ್ಷಕಿಯಂತೆ ಕಾಣುತ್ತಿದ್ದ ಮಾರ್ಗದರ್ಶಕಿ. ಕೊಡೆಯನ್ನು ಮೇಲೆತ್ತಿ ಹಿಡಿದು ನಡೆಯುವ, ಕಂಠಪಾಠ ಒಪ್ಪಿಸುವ ಪೈಕಿ ಅಲ್ಲ. ಪ್ರತಿ ಕಟ್ಟಡದ ಮುಂದೆಯೂ ಅವರು ಮೊದಲು ನಮ್ಮನ್ನು ಒಂದೆರಡು ನಿಮಿಷ ಸುಮ್ಮನೆ ನಿಲ್ಲಿಸಿ, ಕಂಡದ್ದನ್ನು ನಮ್ಮಿಂದಲೇ ಹೇಳಿಸಿ, ಆಮೇಲೆ ತಮ್ಮ ಮಾತನ್ನು ಶುರು ಮಾಡುತ್ತಿದ್ದರು. ಕಟ್ಟಡ ನೋಡುವ ನಡಿಗೆಗಳಲ್ಲಿ ಈ ನಗರಕ್ಕೆ ಹಳೆಯ ಅಭ್ಯಾಸವಿದೆ. 1966ರಲ್ಲಿ ಗ್ಲೆಸ್ನರ್ ಮನೆ ಎಂಬ 1887ರ ಕಟ್ಟಡವನ್ನು ಉಳಿಸಿಕೊಳ್ಳಲು ಸೇರಿದ ಜನರಿಂದಲೇ ಇಂದಿನ ಶಿಕಾಗೋ ಆರ್ಕಿಟೆಕ್ಚರ್ ಸೆಂಟರ್ ಹುಟ್ಟಿಕೊಂಡಿತು. ಅಲ್ಲಿ ಸ್ವಯಂಸೇವಕರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡುತ್ತಾರೆ. ನಮ್ಮ ಮಾರ್ಗದರ್ಶಕಿ ಹೋಟೆಲು ಗೊತ್ತುಮಾಡಿಕೊಂಡವರೇ ಆದರೂ ಆ ಊರಿನ ಆ ಸಂಪ್ರದಾಯ ಅವರ ಮಾತಿನಲ್ಲಿ ಕಾಣುತ್ತಿತ್ತು.

ಮೊದಲ ನಿಲ್ದಾಣ ಶಿಕಾಗೋ ಕಲ್ಚರಲ್ ಸೆಂಟರ್. 1897ರಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯವಾಗಿ ಕಟ್ಟಿದ್ದು. ಗ್ರಂಥಾಲಯ 1991ರಲ್ಲಿ ಬೇರೆ ಕಟ್ಟಡಕ್ಕೆ ಹೋಯಿತು. ಒಳಗೆ ಹೋಗಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಬಿಳಿ ಅಮೃತಶಿಲೆಯ ಮೆಟ್ಟಿಲು ಹತ್ತುವಾಗ ಕೈ ಇಡುವ ಕಡೆಯೆಲ್ಲ ಹಸಿರು, ಬಂಗಾರ, ಮುತ್ತುಚಿಪ್ಪಿನ ಸಣ್ಣ ಸಣ್ಣ ಚೂರುಗಳನ್ನು ಕೂರಿಸಿದ ಚಿತ್ತಾರ. ಮೇಲೆ 38 ಅಡಿ ವ್ಯಾಸದ, ಟಿಫನಿ ಎಂಬ ಹೆಸರಾಂತ ಕಂಪನಿಯ ಬಣ್ಣದ ಗಾಜಿನ ಗುಮ್ಮಟ. ಅದರಲ್ಲಿ ಸುಮಾರು 30,000 ಗಾಜಿನ ತುಂಡುಗಳಿವೆ. ಈ ಗುಮ್ಮಟದ ಮೇಲೆ ಬಹಳ ಕಾಲ ಕಾಂಕ್ರೀಟು ಮತ್ತು ತಾಮ್ರದ ಹೊದಿಕೆ ಹಾಕಿ ಮುಚ್ಚಿಬಿಟ್ಟಿದ್ದರೆಂದೂ, 2008ರ ಜೀರ್ಣೋದ್ಧಾರದಲ್ಲಿ ಅದನ್ನು ತೆಗೆದು ಹಗಲಿನ ಬೆಳಕನ್ನು ಮತ್ತೆ ಒಳಗೆ ಬಿಟ್ಟರೆಂದೂ ಮಾರ್ಗದರ್ಶಕಿ ಹೇಳುತ್ತಿರುವಾಗಲೇ ಹೊರಗೆ ಮೋಡ ಸರಿದು, ಅಕ್ಕನ ಬಿಳಿ ಸ್ವೆಟರಿನ ಮೇಲೆ ತಿಳಿ ಹಸಿರು ಬಣ್ಣ ಬಿದ್ದಿತು. ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿ ಅದನ್ನೇ ತೋರಿಸಿದರು.

ಅಲ್ಲಿಂದ ದಕ್ಷಿಣಕ್ಕೆ ನಡೆಯುವಾಗ ಪಾಮರ್ ಹೌಸ್ ಹೋಟೆಲನ್ನು ಹೊರಗಿನಿಂದಲೇ ತೋರಿಸಿದರು. ಅದು ಐದರ ಲೆಕ್ಕದಲ್ಲಿ ಇರಲಿಲ್ಲ. ಅದರ ಕಥೆಯನ್ನು ಬಿಟ್ಟು ಶಿಕಾಗೋದ ಹೋಟೆಲುಗಳ ಬಗ್ಗೆ ಮಾತನಾಡುವುದಕ್ಕೆ ಆಗುವುದೂ ಇಲ್ಲ. ಮೊದಲ ಪಾಮರ್ ಹೌಸ್ 1871ರ ಸೆಪ್ಟೆಂಬರ್ 26ರಂದು ಬಾಗಿಲು ತೆರೆಯಿತು. ಹದಿಮೂರು ದಿನಗಳೊಳಗೆ ಶಿಕಾಗೋದ ಮಹಾಬೆಂಕಿಯಲ್ಲಿ ಬೂದಿಯಾಯಿತು. ಆ ಬೆಂಕಿಗೆ ಸುಮಾರು 17,000 ಕಟ್ಟಡಗಳು ಆಹುತಿಯಾಗಿ, ಒಂದು ಲಕ್ಷದಷ್ಟು ಜನ ಮನೆಮಠ ಕಳೆದುಕೊಂಡರು. ಈಗಿರುವ ಪಾಮರ್ ಹೌಸ್ 1920ರ ದಶಕದಲ್ಲಿ, ಬೆಂಕಿಯ ನಂತರ ಮತ್ತೆ ಕಟ್ಟಿದ್ದ ಹೋಟೆಲಿನ ವ್ಯಾಪಾರ ನಿಲ್ಲದಂತೆ, ಭಾಗ ಭಾಗವಾಗಿ ಎದ್ದದ್ದು. 1893ರ ವಿಶ್ವಮೇಳಕ್ಕೆ ಬರುವ ಹೆಂಗಸರ ಊಟದ ಡಬ್ಬಿಯಲ್ಲಿ ಹಿಡಿಸುವಂಥ ಒಂದು ಸಿಹಿ ಬೇಕೆಂದು ಮಾಲೀಕರ ಹೆಂಡತಿ ಬರ್ಥಾ ಪಾಮರ್ ಕೇಳಿದಾಗ ಅಲ್ಲಿನ ಅಡುಗೆಮನೆಯಲ್ಲಿ ಬ್ರೌನಿ ಹುಟ್ಟಿತೆಂಬುದು ಆ ಹೋಟೆಲು ಹೇಳಿಕೊಳ್ಳುವ ಮಾತು. ಈ ಬ್ರೌನಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಮಾರ್ಕ್ವೆಟ್ ಕಟ್ಟಡದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1895ರದು, ವಾಸ್ತುಶಿಲ್ಪಿಗಳಾದ ಹೋಲಬರ್ಡ್ ಮತ್ತು ರೋಷ್ ಅವರದು. 1670ರ ದಶಕದಲ್ಲಿ ಈ ಕಡೆಗೆ ಬಂದ ಫ್ರೆಂಚ್ ಪಾದ್ರಿ ಮಾರ್ಕ್ವೆಟ್‌ನ ಪ್ರಯಾಣವನ್ನು ಅದರ ಒಳಾಂಗಣದ ಸುತ್ತ ಮೊಸಾಯಿಕ್‌ನಲ್ಲಿ, ಅಂದರೆ ಚೂರುಗಳನ್ನು ಕೂರಿಸಿದ ಚಿತ್ತಾರದಲ್ಲಿ, ಬಿಡಿಸಿದ್ದಾರೆ. ಚೆಲುವಾದದ್ದೇ, ಆದರೆ ಗುಮ್ಮಟವನ್ನು ನೋಡಿ ಬಂದ ಕಣ್ಣಿಗೆ ಅರ್ಧ ಗಂಟೆಯೊಳಗೆ ಇನ್ನೊಂದು ಮೊಸಾಯಿಕ್ ಸಪ್ಪೆಯಾಗುತ್ತದೆ. ಯೋಜನೆ ಹಾಕಿದವರು ಈ ಎರಡರ ನಡುವೆ ಬೇರೇನನ್ನಾದರೂ ಇಡಬೇಕಾಗಿತ್ತು.

ರೂಕರಿ ಕಟ್ಟಡದಲ್ಲಿ ಬೆಳಗಿನ ನಡಿಗೆಗೆ ನಿಜವಾದ ಕಳೆ ಬಂದಿತು. ಬೆಂಕಿಯ ನಂತರ ಇದೇ ಜಾಗದಲ್ಲಿ ತಾತ್ಕಾಲಿಕ ನಗರಸಭೆ ಇತ್ತು. ಅಲ್ಲಿ ಉಳಿದುಕೊಂಡಿದ್ದ ಹಳೆಯ ಕಬ್ಬಿಣದ ನೀರಿನ ತೊಟ್ಟಿಯೊಳಗೆ, 1873ರ ಜನವರಿ 1ರಂದು, ನಗರದ ಮೊದಲ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಇಂಗ್ಲೆಂಡಿನ ಜನ ದಾನವಾಗಿ ಕಳುಹಿಸಿದ ಸುಮಾರು 8,000 ಪುಸ್ತಕಗಳು ಅದರ ಮೂಲಧನ. ಬೆಳಿಗ್ಗೆ ನಾವು ನೋಡಿದ ಗುಮ್ಮಟದ ಗ್ರಂಥಾಲಯ ಇದರ ಮುಂದಿನ ರೂಪವೆಂದು ತಿಳಿದಾಗ ಗುಂಪಿನಲ್ಲಿ ಹಲವರ ಬಾಯಿಂದ ಒಟ್ಟಿಗೆ ‘ಓಹೋ’ ಎಂಬ ಉದ್ಗಾರ ಹೊರಟಿತು. ಒಂದು ಕಟ್ಟಡದಲ್ಲಿ ಬಿಟ್ಟ ಎಳೆಯನ್ನು ಇನ್ನೊಂದರಲ್ಲಿ ಹಿಡಿಯುವ ಈ ಕೌಶಲವೇ ಮಾರ್ಗದರ್ಶಕರಿಗೆ ಕೊಡುವ ಹಣದ ಬೆಲೆ. ಬರಿಯ ಇಸವಿಗಳಾದರೆ ಗೋಡೆಯ ಫಲಕದಲ್ಲೇ ಸಿಗುತ್ತವೆ.

ಈಗಿನ ರೂಕರಿಯನ್ನು ಬರ್ನಮ್ ಮತ್ತು ರೂಟ್ ಎಂಬ ವಾಸ್ತುಶಿಲ್ಪಿಗಳ ಜೋಡಿ 1888ರಲ್ಲಿ ಕಟ್ಟಿ ಮುಗಿಸಿತು. ಮಿಶಿಗನ್ ಸರೋವರದ ದಂಡೆಯ ಮೆತ್ತನೆಯ ಜೇಡಿಯ ಮೇಲೆ ಅಷ್ಟು ಭಾರ ನಿಲ್ಲಬೇಕಾದರೆ ಅಡಿಪಾಯ ಅಗಲವಾಗಿ ಹರಡಿಕೊಳ್ಳಬೇಕು; ಅದಕ್ಕಾಗಿ ರೂಟ್ ರೈಲು ಹಳಿಗಳನ್ನು ಅಡ್ಡ-ಉದ್ದ ಪೇರಿಸಿ ಕಾಂಕ್ರೀಟಿನಲ್ಲಿ ಹೂತು ತೆಪ್ಪದಂಥ ಬುಡವನ್ನು ಮಾಡಿದರು. ನಡುವಿನ ಬೆಳಕಿನ ಅಂಗಳವನ್ನು 1905ರಲ್ಲಿ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಬಿಳಿ ಅಮೃತಶಿಲೆ ಮತ್ತು ಬಂಗಾರದ ಗೆರೆಗಳಿಂದ ಹೊಸದಾಗಿ ಹೊದಿಸಿದರು. ಒಂದು ಕಂಬದಲ್ಲಿ ಮಾತ್ರ ಆ ಹೊದಿಕೆಯನ್ನು ಬಿಡಿಸಿ, ಒಳಗಿನ ರೂಟ್ ಕಾಲದ ಕಬ್ಬಿಣದ ಕೆತ್ತನೆಯನ್ನು ಕಾಣುವಂತೆ ಇಟ್ಟಿದ್ದಾರೆ. ಅಂಗಳದಲ್ಲಿ ಓಡಾಡುವವರಲ್ಲಿ ಹೆಚ್ಚಿನವರು ಅಲ್ಲಿ ಕೆಲಸ ಮಾಡುವವರು. ಕೈಯಲ್ಲಿ ಕಾಫಿ ಹಿಡಿದು ಆ ಕಂಬವನ್ನು ಬಳಸಿಕೊಂಡು ಹೋಗುತ್ತಿದ್ದರು. ಅವರ ದಾರಿಗೆ ಅಡ್ಡವಾಗದಂತೆ ನಾವು ಹನ್ನೆರಡು ಜನ ಮೂಲೆಯಲ್ಲಿ ಒತ್ತಿಕೊಂಡು ನಿಂತು ಆ ಒಂದು ಕಂಬವನ್ನು ಹತ್ತು ನಿಮಿಷ ನೋಡಿದೆವು. ಇಲ್ಲಿ ಹೇಳಬೇಕಾದ ಮಾತೊಂದಿದೆ: ಈ ಕಟ್ಟಡಗಳಲ್ಲಿ ಹೆಚ್ಚಿನವು ಇಂದಿಗೂ ಕಚೇರಿಗಳು. ವಾರದ ಕೊನೆಯಲ್ಲಿ ಹೋದರೆ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು. ಕೆಲಸದ ದಿನವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಅಲ್ಲಿಂದ ಮುಂದೆ ಗಡಿಯಾರ ನಮ್ಮ ಗುಂಪಿನ ಹದಿಮೂರನೆಯ ಸದಸ್ಯನಾಯಿತು. ಒಂದು ಗಂಟೆಗೆ ಸರಿಯಾಗಿ ಮೇಜು; ಅಡುಗೆಮನೆ ಹನ್ನೆರಡು ತಟ್ಟೆಗಳನ್ನು ಒಟ್ಟಿಗೆ ಕಳುಹಿಸುತ್ತದೆ; ತಡವಾದರೆ ಎರಡನೆಯ ಪಂಕ್ತಿಯವರಿಗೆ ತೊಂದರೆ ಎಂದು ಬೆಳಿಗ್ಗೆಯೇ ಸೂಚನೆ ಕೊಟ್ಟಿದ್ದರು. ರೂಕರಿಯಿಂದ ಹೊರಬಂದಾಗ ಹನ್ನೆರಡು ಇಪ್ಪತ್ತು. ಉಳಿದದ್ದು ಎರಡು ಕಟ್ಟಡ. ಮಾರ್ಗದರ್ಶಕಿ ಕೈಗಡಿಯಾರ ನೋಡಿಕೊಂಡ ರೀತಿಯಲ್ಲೇ ಮುಂದೇನಾಗುತ್ತದೆ ಎಂಬುದು ಗೊತ್ತಾಯಿತು.

ಮೊನಾಡ್ನಾಕ್ ಕಟ್ಟಡಕ್ಕೆ ನಮಗೆ ಸಿಕ್ಕಿದ್ದು ಎಂಟು ನಿಮಿಷ. ಕಟ್ಟಡಗಳ ಬಗ್ಗೆ ಅಷ್ಟಿಷ್ಟು ಕುತೂಹಲವಿರುವ ಯಾರಿಗೇ ಆದರೂ ಇದು ಇಡೀ ನಡಿಗೆಯ ಹೂರಣ. ಅದರ ಉತ್ತರದ ಅರ್ಧ 1891ರದು, ಹದಿನಾರು ಅಂತಸ್ತು, ಇಟ್ಟಿಗೆಯ ಗೋಡೆಗಳೇ ಭಾರ ಹೊರುವಂಥದ್ದು. ದಕ್ಷಿಣದ ಅರ್ಧ ಎರಡೇ ವರ್ಷ ತಡವಾಗಿ, 1893ರಲ್ಲಿ, ಉಕ್ಕಿನ ಚೌಕಟ್ಟಿನ ಮೇಲೆ ಎದ್ದದ್ದು. ಇಟ್ಟಿಗೆಯ ಯುಗ ಮುಗಿದು ಉಕ್ಕಿನ ಯುಗ ಶುರುವಾದ ಗೆರೆಯನ್ನು ಒಂದೇ ಕಟ್ಟಡದ ಪಕ್ಕದ ರಸ್ತೆಯಲ್ಲಿ ನಡೆದೇ ದಾಟಬಹುದು. ಹಳೆಯ ಅರ್ಧದ ಗೋಡೆ ಬುಡದಲ್ಲಿ ಆರು ಅಡಿ ದಪ್ಪ. ಕಿಟಕಿಯ ಅಂಚಿನಿಂದ ನಾನು ತೋಳನ್ನು ಪೂರ್ತಿ ಚಾಚಿದರೂ ನನ್ನ ಬೆರಳು ಗೋಡೆಯ ಆಚೆಯ ಮೈಯನ್ನು ಮುಟ್ಟಲಿಲ್ಲ. ಅಷ್ಟು ಭಾರಕ್ಕೆ ಕಟ್ಟಡ ಜೇಡಿಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಇಳಿದು, ಸುಮಾರು 20 ಅಂಗುಲ ಕೂತುಬಿಟ್ಟಿದೆ. ಆದ್ದರಿಂದ ಬೀದಿಯಿಂದ ಒಳಗೆ ಹೋಗುವಾಗ ಮೆಟ್ಟಿಲು ಹತ್ತುವ ಬದಲು ಇಳಿಯಬೇಕು. ಮಂಡಿನೋವಿನ ಅಕ್ಕ ಆ ಒಂದು ಮೆಟ್ಟಿಲನ್ನು ನನ್ನ ಭುಜ ಹಿಡಿದು ಇಳಿಯುವಷ್ಟರಲ್ಲಿ ಎಂಟರಲ್ಲಿ ಒಂದು ನಿಮಿಷ ಕಳೆದುಹೋಗಿತ್ತು. ಒಳಗಿನ ಅಲ್ಯೂಮಿನಿಯಮ್ ಮೆಟ್ಟಿಲಸಾಲು, ಆ ಲೋಹವನ್ನು ಕಟ್ಟಡಕ್ಕೆ ಬಳಸಿದ ಜಗತ್ತಿನ ಮೊದಮೊದಲ ಉದಾಹರಣೆಗಳಲ್ಲಿ ಒಂದು, ದೂರದಿಂದ ಕಂಡಿತು, ಅಷ್ಟೆ.

ಐದನೆಯದು ಆಡಿಟೋರಿಯಮ್ ಕಟ್ಟಡ. ಅದನ್ನು ರಸ್ತೆಯ ಈಚೆಯಿಂದ, ನಡೆಯುತ್ತಲೇ ನೋಡಿದೆವು. ಹೋಟೆಲೂಟವನ್ನೂ ಕಟ್ಟಡ ದರ್ಶನವನ್ನೂ ಜೋಡಿಸುವ ಯೋಜನೆಯೊಂದು ಬಿಡಲೇಬಾರದ ಕಟ್ಟಡವೆಂದರೆ ಇದು. ಆಡ್ಲರ್ ಮತ್ತು ಸಲಿವನ್ 1889ರಲ್ಲಿ ಕಟ್ಟಿದ ಈ ಬೃಹತ್ ರಚನೆಯ ಹೊಟ್ಟೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳ ರಂಗಮಂದಿರ, ಅದನ್ನು ಸುತ್ತುವರಿದು ಸುಮಾರು 400 ಕೋಣೆಗಳ ಹೋಟೆಲು ಮತ್ತು ಕಚೇರಿಗಳು. ಹೋಟೆಲಿನ ಭೋಜನಶಾಲೆ ಇದ್ದದ್ದು ಹತ್ತನೆಯ ಮಹಡಿಯಲ್ಲಿ, ಸರೋವರಕ್ಕೆ ಮುಖ ಮಾಡಿ. ಔತಣದ ಹಾಲ್ ಅನ್ನು ರಂಗಮಂದಿರದ ಮೇಲೆ ಉಕ್ಕಿನ ತೊಲೆಗಳ ಆಧಾರದಲ್ಲಿ ತೂಗಿಬಿಟ್ಟಂತೆ ಕೂರಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ವಿಶ್ರಾಂತಿಕೇಂದ್ರವಾಗಿ, ರಂಗದ ಮೇಲೆ ಬೌಲಿಂಗ್ ಆಟದ ಪಟ್ಟಿಗಳನ್ನೂ ಹೊತ್ತುಕೊಂಡ ಆ ಕಟ್ಟಡ 1946ರಲ್ಲಿ ರೂಸ್‌ವೆಲ್ಟ್ ವಿಶ್ವವಿದ್ಯಾಲಯದ ಕೈಸೇರಿತು. ಆ ಭೋಜನಶಾಲೆ ಈಗ ವಿದ್ಯಾರ್ಥಿಗಳು ತಲೆ ತಗ್ಗಿಸಿ ಓದುವ ಗ್ರಂಥಾಲಯ. ಇಷ್ಟನ್ನೂ ಮಾರ್ಗದರ್ಶಕಿ ಏದುಸಿರಿನಲ್ಲಿ ಹೇಳುತ್ತಾ ನಡೆದರು. ನಾವು ಏದುಸಿರಿನಲ್ಲಿ ಕೇಳುತ್ತಾ ನಡೆದೆವು.

ಒಂದಕ್ಕೆ ಐದು ನಿಮಿಷವಿರುವಾಗ ಹೋಟೆಲಿನ ಬಾಗಿಲಿಗೆ ಬಂದೆವು. ಅಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು: ಮಾರ್ಗದರ್ಶಕಿ ನಮ್ಮೆಲ್ಲರ ಕೈ ಕುಲುಕಿ, ಊಟ ಚೆನ್ನಾಗಿರಲಿ ಎಂದು ಹಾರೈಸಿ, ಹೊರಟುಹೋದರು. ಅವರಿಗೆ ಊಟ ಈ ಯೋಜನೆಯಲ್ಲಿ ಸೇರಿರಲಿಲ್ಲ. ನನಗೆ ಮೊದಲು ಆದದ್ದು ಸಂಕೋಚ. ಬೆಳಗಿನಿಂದ ನಮಗಾಗಿ ಗಂಟಲು ಒಣಗಿಸಿಕೊಂಡವರನ್ನು ಊಟದ ಹೊತ್ತಿಗೆ ಬಾಗಿಲಲ್ಲೇ ಬೀಳ್ಕೊಡುವುದು ಎಲ್ಲಿಯ ಮರ್ಯಾದೆ ಎಂದು ಅಕ್ಕ ನನ್ನ ಕಿವಿಯಲ್ಲಿ ಅಂದಳು. ಆದರೆ ಮರ್ಯಾದೆಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟರೂ ಈ ಏರ್ಪಾಡಿನಲ್ಲಿ ನಷ್ಟವಾಗುವುದು ಗಿರಾಕಿಗೆ. ಮೂರು ಗಂಟೆ ನಿಂತು ನೋಡಿದವರಿಗೆ ಪ್ರಶ್ನೆಗಳು ಹುಟ್ಟುವುದು ಕೂತಮೇಲೆ. ರೂಕರಿಯ ಕಂಬವನ್ನು ತೆರೆದಿಟ್ಟವರು ಯಾರು, ಮೊನಾಡ್ನಾಕ್ ಇನ್ನೂ ಇಳಿಯುತ್ತಿದೆಯೇ, ಆಡಿಟೋರಿಯಮ್ಮಿನ ಹೋಟೆಲು ಏಕೆ ನಡೆಯಲಿಲ್ಲ ಎಂದು ನಮ್ಮ ಮೇಜಿನ ಸುತ್ತಲೂ ಪ್ರಶ್ನೆಗಳು ಎದ್ದವು, ಮತ್ತು ಉತ್ತರ ಬಲ್ಲವರು ಆಗಲೇ ಎರಡು ರಸ್ತೆ ದಾಟಿದ್ದರು. ಮಾರ್ಗದರ್ಶಕರು ಅದೇ ಮೇಜಿಗೆ ಕೂತು ಉಂಡಿದ್ದರೆ ಆ ಒಂದು ತಟ್ಟೆಯ ಖರ್ಚಿನಲ್ಲಿ ಊಟದ ಒಂದು ಗಂಟೆಯೂ ದರ್ಶನದ ನಾಲ್ಕನೆಯ ಗಂಟೆಯಾಗುತ್ತಿತ್ತು.

ಊಟದ ವಿಷಯ ಚಿಕ್ಕದು. ಮೂರು ಸುತ್ತಿನ ಗೊತ್ತಾದ ಊಟ. ಸಸ್ಯಾಹಾರವೆಂದು ಒಂದು ವಾರ ಮೊದಲೇ ತಿಳಿಸಿದ್ದಕ್ಕೆ ಸರಿಯಾಗಿ ನೆನಪಿಟ್ಟುಕೊಂಡಿದ್ದರು. ಟೊಮೇಟೊ ಸೂಪು ಬಿಸಿಯಾಗಿ, ಹದವಾಗಿ ಇತ್ತು. ಸುಟ್ಟ ತರಕಾರಿಯ ತಟ್ಟೆಯಲ್ಲಿ ಬದನೆಕಾಯಿ ಚೆನ್ನಾಗಿ ಬೆಂದಿತ್ತು, ಕ್ಯಾರೆಟ್ಟು ಬೆಂದಿರಲಿಲ್ಲ. ಮಾಂಸಾಹಾರ ತಿಂದವರು ಕೋಳಿ ಒಣಗಿತ್ತೆಂದರು. ಹನ್ನೆರಡು ತಟ್ಟೆಗಳು ಒಂದೇ ಹೊತ್ತಿಗೆ ಬರಬೇಕೆಂದು ಮೊದಲೇ ಮಾಡಿ ಬಿಸಿಯಲ್ಲಿಟ್ಟರೆ ಹಾಗಾಗುವುದೇ. ಅದಕ್ಕಾಗಿ ಮೊನಾಡ್ನಾಕ್‌ನಲ್ಲಿ ನಮ್ಮ ಅರ್ಧ ಗಂಟೆ ಹೋಗಬಾರದಿತ್ತು. ಬಡಿಸುವವರ ನಡತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಂದೇ ಎಚ್ಚರಿಕೆ: ಟಿಕೆಟಿನ ಹಣದಲ್ಲಿ ಟಿಪ್ಸ್ ಸೇರಿದೆಯೇ ಇಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ. ಅಮೆರಿಕದಲ್ಲಿ ಅದು ಸಣ್ಣ ಮೊತ್ತವಲ್ಲ, ಮತ್ತು ಮಾರ್ಗದರ್ಶಕರಿಗೆ ಕೊಡುವುದು ಬೇರೆ, ಮೇಜಿಗೆ ಕೊಡುವುದು ಬೇರೆ.

ಕೊನೆಯ ಸುತ್ತಿನಲ್ಲಿ ಬಂದದ್ದು ಬ್ರೌನಿ. ಎರಡು ಗಂಟೆಗಳ ಹಿಂದೆಯಷ್ಟೇ ಅದರ ಹುಟ್ಟಿನ ಕಥೆಯನ್ನು ಬೀದಿಯಲ್ಲಿ ಕೇಳಿದ್ದೆವು. ತಟ್ಟೆ ತಂದಿಟ್ಟ ಹುಡುಗ ಅದರ ಬಗ್ಗೆ ಏನೂ ಹೇಳಲಿಲ್ಲ. ನಾನು ಕೇಳಿದಾಗ ನಕ್ಕು, ಇದರಲ್ಲಿ ಅಕ್ರೋಟು ಇದೆ, ಅಲರ್ಜಿ ಇದ್ದರೆ ತಿಳಿಸಿ ಎಂದ. ಆಗ ಅಕ್ಕ ತಲೆಯೆತ್ತಿ ಮೇಲೆ ನೋಡಿದಳು. ನಾವು ಕೂತಿದ್ದ ಹಾಲ್‌ನ ಛಾವಣಿಯ ತುಂಬ ಚಿತ್ರಗಳಿದ್ದವು: ಬಳ್ಳಿ, ಹಣ್ಣಿನ ಬುಟ್ಟಿ, ಮೂಲೆಗೊಂದು ಹೆಣ್ಣಿನ ಮುಖ, ಒಂದು ಮೂಲೆಯಲ್ಲಿ ನೀರು ಸೋರಿ ಹಳದಿಯಾದ ಕಲೆ. ಬೆಳಗಿನಿಂದ ಕತ್ತು ನೋಯುವಷ್ಟು ಛಾವಣಿಗಳನ್ನು ನೋಡಿದ್ದ ನಾವು ಈ ಛಾವಣಿಯ ಕೆಳಗೆ ಒಂದು ಗಂಟೆ ಕೂತು ಉಂಡರೂ ಅದು ಯಾರ ಕೈಯದು, ಯಾವ ಕಾಲದ್ದು ಎಂದು ಯಾರೂ ಒಂದು ಮಾತು ಹೇಳಿರಲಿಲ್ಲ. ಬಡಿಸುವ ಹುಡುಗನಿಗೆ ಗೊತ್ತಿರಲಿಲ್ಲ. ಅವನು ಕರೆತಂದ ಮೇಲ್ವಿಚಾರಕರಿಗೂ ಗೊತ್ತಿರಲಿಲ್ಲ. ‘ಬಹಳ ಹಳೆಯದು’ ಎಂದರು. ಮೆನುವಿನ ಹಿಂದೆ ಹೋಟೆಲಿನ ಬಗ್ಗೆ ಎರಡು ಸಾಲಿತ್ತು, ಅದರಲ್ಲೂ ಒಂದು ಈಜುಕೊಳದ್ದು.

“ಊರಿನವರ ಮನೆಯನ್ನೆಲ್ಲ ತೋರಿಸಿದರು, ತಮ್ಮ ಮನೆಯದೇ ಗೊತ್ತಿಲ್ಲವಲ್ಲೇ ಇವರಿಗೆ” ಎಂದಳು ಅಕ್ಕ.

ಈ ಯೋಜನೆಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತನ್ನು ಅಕ್ಕನೇ ಹೇಳಿಬಿಟ್ಟಳು. ಊಟವನ್ನು ದರ್ಶನಕ್ಕೆ ಜೋಡಿಸುವುದೆಂದರೆ ಒಂದರ ಹಿಂದೆ ಇನ್ನೊಂದನ್ನು ಇಟ್ಟು ಒಂದೇ ರಸೀದಿ ಹರಿಯುವುದಲ್ಲ. ಉಣ್ಣುವ ಜಾಗವೇ ನೋಡಬೇಕಾದ ಜಾಗಗಳಲ್ಲಿ ಒಂದಾಗಬೇಕು. ಹಳೆಯ ಹೋಟೆಲುಗಳಿಗೆ ಆ ಅನುಕೂಲ ತಾನಾಗಿಯೇ ಇದೆ, ಏಕೆಂದರೆ ಕಚೇರಿ ಕಟ್ಟಡದ ಲಾಬಿಯಲ್ಲಿ ಕಾವಲಿನವನ ಕಣ್ಣೆದುರು ಹತ್ತು ನಿಮಿಷ ನಿಲ್ಲಬಹುದಷ್ಟೇ, ಹೋಟೆಲಿನಲ್ಲಾದರೆ ಕೂತು, ಒರಗಿ, ಗಂಟೆಗಟ್ಟಲೆ ನೋಡಬಹುದು. ಅದೇ ಲೂಪ್‌ನಲ್ಲಿ 1895ರ ರಿಲಯನ್ಸ್ ಕಟ್ಟಡವಿದೆ. ವೈದ್ಯರ, ದಂತವೈದ್ಯರ ಕೋಣೆಗಳಿದ್ದ, ಬಿಳಿ ಟೆರಕೋಟಾ (ಸುಟ್ಟ ಜೇಡಿಮಣ್ಣಿನ ಹೊದಿಕೆ) ಮತ್ತು ಅಗಲ ಗಾಜಿನ ಆ ಕಟ್ಟಡ ಪಾಳುಬಿದ್ದು, ಜೀರ್ಣೋದ್ಧಾರಗೊಂಡು, 1999ರಲ್ಲಿ ಹೋಟೆಲಾಯಿತು. ಅಂಥ ಕಡೆ ಕಿಟಕಿಯ ಪಕ್ಕದ ಮೇಜೇ ಅರ್ಧ ಪಾಠ ಮಾಡುತ್ತದೆ. ನಮ್ಮ ಹೋಟೆಲಿಗೂ ಆ ಶಕ್ತಿ ಇತ್ತು. ಅದನ್ನು ಬಳಸಿಕೊಳ್ಳುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಹಣದ ಲೆಕ್ಕದಲ್ಲಿ ನೋಡಿದರೆ, ನಡಿಗೆಯನ್ನು ಬೇರೆಯಾಗಿ ಕೊಂಡು ಊಟವನ್ನು ನಮ್ಮಿಷ್ಟದ ಹೊತ್ತಿಗೆ, ನಮ್ಮಿಷ್ಟದ ಕಡೆ ಮಾಡಿದ್ದರೆ ನಮಗೆ ಏನೂ ನಷ್ಟವಾಗುತ್ತಿರಲಿಲ್ಲ; ಮೊನಾಡ್ನಾಕ್‌ನಲ್ಲಿ ಅರ್ಧ ಗಂಟೆ ಉಳಿಯುತ್ತಿತ್ತು. ಹಾಗೆಂದು ವಯಸ್ಸಾದವರೊಡನೆ ಹೋಗುವವರಿಗೆ ಇದು ಬೇಡವೆನ್ನಲಾರೆ. ಮೂರು ಗಂಟೆ ನಡೆದ ಕಾಲಿಗೆ ಕಾದಿರಿಸಿದ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಕೋಟು ತೂಗುಹಾಕಲು ಜಾಗ ಇವೆಲ್ಲ ಅಕ್ಕನಿಗೆ ಛಾವಣಿಯ ಚಿತ್ರಕ್ಕಿಂತ ದೊಡ್ಡವಾಗಿದ್ದವು; ಅವಳು ಅದನ್ನು ಮುಚ್ಚಿಡಲೂ ಇಲ್ಲ.

ಊಟವಾದ ಮೇಲೆ ನಾವಿಬ್ಬರೇ ಮತ್ತೆ ಮೊನಾಡ್ನಾಕ್‌ಗೆ ಹೋದೆವು. ಈ ಸಲ ಅಕ್ಕ ಆ ಮೆಟ್ಟಿಲನ್ನು ನಿಧಾನವಾಗಿ ಇಳಿದಳು. ಉದ್ದನೆಯ ಓಣಿಯಂಥ ನೆಲಮಹಡಿಯಲ್ಲಿ, ಎರಡು ಬದಿಯ ಅಂಗಡಿಗಳ ಗಾಜುಗಳ ನಡುವೆ, ಇಟ್ಟಿಗೆಯ ಅರ್ಧದಿಂದ ಉಕ್ಕಿನ ಅರ್ಧದವರೆಗೆ ನಡೆದು ವಾಪಸು ಬಂದೆವು. ನಮ್ಮನ್ನು ಯಾರೂ ಅವಸರ ಮಾಡಲಿಲ್ಲ.

ಹೋಟೆಲು ಬಿಡುವ ಮುಂಚೆ ಕೈಗೆ ಕೊಟ್ಟಿದ್ದ ಅಭಿಪ್ರಾಯದ ಚೀಟಿ ನನ್ನ ಚೀಲದಲ್ಲೇ ಉಳಿದಿತ್ತು. ಸೂಪು ಬಿಸಿಯಾಗಿತ್ತೇ, ಬಡಿಸಿದವರು ನಗುಮುಖದಿಂದಿದ್ದರೇ, ಸಿಹಿ ಹಿಡಿಸಿತೇ ಎಂದು ಒಂಬತ್ತು ಪ್ರಶ್ನೆಗಳಿದ್ದವು. ಕಟ್ಟಡಗಳ ಬಗ್ಗೆಯಾಗಲಿ ಮಾರ್ಗದರ್ಶಕಿಯ ಬಗ್ಗೆಯಾಗಲಿ ಒಂದೂ ಇರಲಿಲ್ಲ. ಎಲ್ಲಕ್ಕೂ ಗುರುತು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ‘ನಿಮ್ಮ ಭೋಜನಶಾಲೆಯ ಛಾವಣಿಯನ್ನು ಬರೆದವರು ಯಾರು’ ಎಂದು ಕೇಳಿ, ನನ್ನ ಇಮೇಲ್ ವಿಳಾಸವನ್ನೂ ಸೇರಿಸಿ, ಅಂಚೆಗೆ ಹಾಕಿದೆ. ಮುಂದಿನ ತಿಂಗಳ ಊಟದ ರಿಯಾಯಿತಿಯ ಬಗ್ಗೆ ಎರಡು ಪತ್ರ ಬಂದಿವೆ.